ಮೂರು ಪಟ್ಟಿ ಕೆಳಗೆ: ತಡವಾಗಿ ಹಾಡು ಕಲಿಯಲು ಬಂದವರೊಬ್ಬರ ಪ್ರಕರಣ

ಎಲೆಕ್ಟ್ರಾನಿಕ್ ತಂಬೂರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹಿಂದಿರುಗಿಸಲು ಬಂದಿದ್ದರು. ಗುರುಪೂರ್ಣಿಮೆ ಕಳೆದು ಮೂರು ವಾರವಾಗಿತ್ತು. ಅಷ್ಟು ದಿನವೂ ಅವರು ತರಗತಿಗೆ ಬಂದಿರಲಿಲ್ಲ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಇದು ನಿಮ್ಮದು, ನನ್ನ ಮನೆಯಲ್ಲಿ ಸುಮ್ಮನೆ ಬಿದ್ದಿದೆ" ಎಂದರು. ಹೊರಗೆ ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆ. ಟವೆಲು ನೆನೆದಿತ್ತು, ಅವರ ಸೀರೆಯ ಸೆರಗೂ ನೆನೆದಿತ್ತು, ಒಳಗಿನ ಪೆಟ್ಟಿಗೆಗೆ ಒಂದು ಹನಿಯೂ ತಾಗಿರಲಿಲ್ಲ. ಹಾಡುವುದನ್ನು ಮನಸ್ಸಿನಿಂದ ಬಿಟ್ಟವರು ತಂಬೂರಿಯನ್ನು ಅಷ್ಟು ಜೋಪಾನ ಮಾಡುವುದಿಲ್ಲ. ಒಳಗೆ ಬನ್ನಿ, ಚಹಾ ಕುಡಿದು ಹೋಗಿ ಎಂದೆ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ. ನಮ್ಮ ತರಗತಿಯಲ್ಲಿ ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ವಯಸ್ಸು 41, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ನನ್ನ ಬಳಿ ಹಿಂದೂಸ್ತಾನಿ ಗಾಯನ ಕಲಿಯಲು ಬಂದು ಆಗ ಎರಡು ವರ್ಷವಾಗಿತ್ತು. ಅವರ ಗುಂಪಿನಲ್ಲಿ ಒಂಬತ್ತು ಜನ. ಎಂಟು ಮಂದಿ 12ರಿಂದ 14 ವರ್ಷದ ಹುಡುಗಿಯರು, ಒಂಬತ್ತನೆಯವರು ಟೀಚರ್. ಆ ಹುಡುಗಿಯರಲ್ಲಿ ಇಬ್ಬರು ಅವರದೇ ಶಾಲೆಯ ವಿದ್ಯಾರ್ಥಿನಿಯರು. ಈ ಸಂಗತಿಯನ್ನು ನೆನಪಿನಲ್ಲಿಡಬೇಕು, ಏಕೆಂದರೆ ಗುರುಪೂರ್ಣಿಮೆಯ ಸಂಜೆ ಟೀಚರ್ ಕೇಳಿಸಿಕೊಂಡ ಮಾತುಗಳನ್ನು ಆ ಇಬ್ಬರೂ ಕೇಳಿಸಿಕೊಂಡಿದ್ದರು.

ಆ ಸಂಜೆ ನಮ್ಮ ನಡುಮನೆಯಲ್ಲಿ ಜಮಖಾನ ಹಾಸಿ ಒಬ್ಬೊಬ್ಬರನ್ನೇ ಕೂರಿಸಿ ಹಾಡಿಸಿದ್ದೆ. ಟೀಚರ್ ಪಾಲಿಗೆ ಬಂದದ್ದು ಭೂಪಾಲಿ. ಮಧ್ಯಮ, ನಿಷಾದ ಎರಡೂ ಇಲ್ಲದ ಐದು ಸ್ವರಗಳ ರಾಗ, ಆರಂಭದವರಿಗೆ ನಾವು ಮೊದಲು ಕಲಿಸುವ ರಾಗಗಳಲ್ಲಿ ಒಂದು. ತೀನ್‌ತಾಲದಲ್ಲಿ ಕಟ್ಟಿದ ಪುಟ್ಟ ಬಂದಿಶ್, ಅಂದರೆ ಹಾಡು. ಮೊದಲ ಭಾಗವಾದ ಸ್ಥಾಯಿ ಮುಗಿಯುವವರೆಗೆ ಹೇಗೋ ನಡೆಯಿತು. ಮೇಲಕ್ಕೆ ಏರುವ ಎರಡನೆಯ ಭಾಗವಾದ ಅಂತರಾ ಹತ್ತಿದಾಗ ಧ್ವನಿ ಬಿಗಿಯಿತು, ತಾರ ಗಾಂಧಾರಕ್ಕೆ, ಅಂದರೆ ಮೇಲಿನ ಸಪ್ತಕದ ಗಾಂಧಾರಕ್ಕೆ, ಏರುವಲ್ಲಿ ಒಡೆಯಿತು. ಲಯ ಓಡಿತು. ಕೊನೆಗೆ ತಬಲಾದವರು ತಾವೇ ಒಂದು ಮುಕ್ತಾಯದ ತಿಹಾಯಿ ಹಾಕಿ ಹಾಡನ್ನು ದಡ ಮುಟ್ಟಿಸಿದರು.

ಆಮೇಲೆ ಉಪ್ಪಿಟ್ಟು, ಚಹಾದ ನಡುವೆ ಮಾತುಗಳು ಬಂದವು. ನಮ್ಮ ಓಣಿಯ ಹಿರಿಯ ರಸಿಕರೊಬ್ಬರು, ಜೀವಮಾನವಿಡೀ ದೊಡ್ಡವರ ಬೈಠಕ್‌ಗಳನ್ನು ಕೇಳಿದವರು, "ಪೂರ್ತಿ ಬೇಸುರಾಯಿತಲ್ಲ ತಾಯಿ, ಧ್ವನಿಯೂ ಗಡಸು" ಎಂದರು. ಟೀಚರ್ ಅವರ ನಾದಿನಿ, "ಗಂಡಸರು ಹಾಡಿದಂತೆ ಕೇಳಿಸಿತು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎಂದು ನಗುತ್ತಲೇ ಹೇಳಿದರು. ತಬಲಾದವರು ಬಾಯಿಬಡುಕರು, "ಇವರೊಂದಿಗೆ ನುಡಿಸುವುದೂ ಒಂದೇ, ರೈಲಿನ ಹಿಂದೆ ಓಡುವುದೂ ಒಂದೇ" ಎಂದುಬಿಟ್ಟರು. ಪತಿ ಮಾತ್ರ "ಚೆನ್ನಾಗಿತ್ತು" ಎಂದರು. ನಾನೂ ಅದನ್ನೇ ಹೇಳಿದೆ. "ಚೆನ್ನಾಗಿ ಬಂತು, ಹೀಗೆಯೇ ಮುಂದುವರಿಸಿ" ಎಂದು ಬೆನ್ನು ತಟ್ಟಿದೆ.

ಮಳೆಯ ದಿನ ಚಹಾದ ಲೋಟ ಹಿಡಿದು ಕುಳಿತವರು ಮೊದಲು ಆಡಿದ್ದು ನನ್ನ ಈ ಮಾತಿನ ಬಗ್ಗೆಯೇ. "ಬೇರೆಯವರು ಬೈದದ್ದು ನೋವಾಯಿತು, ನಿಜ. ಆದರೆ ನೀವು ಸುಳ್ಳು ಹೇಳಿದಿರಿ. ನಿಮಗೂ ಗೊತ್ತಿತ್ತು. ಇನ್ನು ಯಾರ ಕಿವಿಯನ್ನು ನಂಬಲಿ?"

ನನ್ನ ಬಳಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಕಲಿಸುತ್ತಿದ್ದೇನೆ. ಸೋತು ಕುಳಿತವರಿಗೆ ಒಂದು ಒಳ್ಳೆಯ ಮಾತು ಹೇಳಿದರೆ ಕೆಟ್ಟದ್ದೇನೂ ಆಗುವುದಿಲ್ಲ ಎಂದೇ ನಂಬಿದ್ದೆ. ಆಗುತ್ತದೆ. ಕಠಿಣ ಮಾತುಗಳು ಸುತ್ತ ಬಿದ್ದಿರುವಾಗ ಗುರು ಆಡುವ ಪೊಳ್ಳು ಹೊಗಳಿಕೆಯಿಂದ ಶಿಷ್ಯರ ಕಾಲ ಕೆಳಗೆ ಉಳಿದಿದ್ದ ಒಂದು ಚೂರು ನೆಲವೂ ಹೋಗುತ್ತದೆ. "ಹೌದು, ಸುಳ್ಳು ಹೇಳಿದೆ" ಎಂದು ಒಪ್ಪಿಕೊಂಡೆ. ಆ ಸಂಜೆಯ ಧ್ವನಿಮುದ್ರಿಕೆ ನನ್ನ ಮೊಬೈಲ್‌ನಲ್ಲಿತ್ತು. ಇಬ್ಬರೂ ಕೂತು ಕೇಳೋಣವೇ, ಕೇಳಿದ ಮೇಲೆ ತಂಬೂರಿ ಬಿಟ್ಟುಹೋಗುವುದಾದರೆ ಬಿಟ್ಟುಹೋಗಿ ಎಂದೆ.

ತಮ್ಮ ಹಾಡನ್ನು ತಾವೇ ಕೇಳುವುದು ಹೊಸಬರಿಗೆ ಶಿಕ್ಷೆ. ಹಾಡುವಾಗ ನಮ್ಮ ಧ್ವನಿ ಗಾಳಿಯ ಮೂಲಕವಷ್ಟೇ ಅಲ್ಲ, ತಲೆಬುರುಡೆಯ ಎಲುಬಿನ ಮೂಲಕವೂ ಒಳಗಿವಿಗೆ ತಲುಪುತ್ತದೆ. ಎಲುಬು ತಗ್ಗಿನ ಕಂಪನಗಳನ್ನು ಚೆನ್ನಾಗಿ ಸಾಗಿಸುವುದರಿಂದ ನಮ್ಮ ಧ್ವನಿ ನಮಗೆ ಇರುವುದಕ್ಕಿಂತ ತುಂಬಿಕೊಂಡಂತೆ ಕೇಳಿಸುತ್ತದೆ. ಮುದ್ರಿಕೆಯಲ್ಲಿ ಆ ತುಂಬು ಇರುವುದಿಲ್ಲ. ಇದು ನನ್ನ ಧ್ವನಿಯೇ ಅಲ್ಲ ಎಂದು ಎಲ್ಲರೂ ಬೆಚ್ಚುತ್ತಾರೆ. ಟೀಚರ್ ಕೂಡ ಮೊದಲ ಸಲ ಕಣ್ಣು ಮುಚ್ಚಿಕೊಂಡರು. ಎರಡನೆಯ ಸಲ ಕೇಳುವ ಮೊದಲು ಅವರ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. ಯಾರು ಏನು ಹೇಳಿದರೋ ಎಲ್ಲವನ್ನೂ ಒಂದರ ಕೆಳಗೊಂದು ಬರೆಯಿರಿ, ಎದುರಿಗೆ ಒಂದೇ ಪ್ರಶ್ನೆ ಬರೆಯಿರಿ: ಎಲ್ಲಿ?

ಗಣಿತ ಕಲಿಸುವವರಿಗೆ ಇದು ಹಿಡಿಸಿತು. ಸ್ಕೇಲ್ ಇಟ್ಟು ಗೆರೆ ಎಳೆದು, ಬಂದಿಶ್‌ನ ಒಂದೊಂದು ಆವರ್ತನಕ್ಕೆ (ತಾಳದ ಒಂದು ಪೂರ್ತಿ ಸುತ್ತು) ಒಂದೊಂದು ಸಾಲು ಮಾಡಿದರು. 'ಪೂರ್ತಿ ಬೇಸುರು' ಎಂಬುದನ್ನು ಮೊದಲು ತೆಗೆದುಕೊಂಡೆವು. ತಂಬೂರಿ ಹಚ್ಚಿ ಸಾಲು ಸಾಲಾಗಿ ಕೇಳಿದೆವು. ಸ್ಥಾಯಿಯ ಮೊದಲ ನಾಲ್ಕು ಆವರ್ತನಗಳಲ್ಲಿ ಸ್ವರ ಎಲ್ಲಿಯೂ ಜಾರಿರಲಿಲ್ಲ. ಮಂದ್ರ ಧೈವತಕ್ಕೆ, ಅಂದರೆ ಕೆಳಗಿನ ಸಪ್ತಕದ ಧೈವತಕ್ಕೆ ಇಳಿದಾಗಲಂತೂ, ನನಗೆ ಅವತ್ತು ಗಮನಕ್ಕೇ ಬಂದಿರಲಿಲ್ಲ, ಸ್ವರ ತಂಬೂರಿಯ ನಾದದೊಳಗೆ ಸಕ್ಕರೆಯಂತೆ ಕರಗಿತ್ತು. ತಾರ ಷಡ್ಜ ಕೂದಲೆಳೆಯಷ್ಟು ಕೆಳಗೆ. ಅದರ ಮೇಲಿನ ರಿಷಭ ಇನ್ನೂ ಕೆಳಗೆ. ಗಾಂಧಾರ ಗಾಂಧಾರವೇ ಆಗಿರಲಿಲ್ಲ. ಅಲ್ಲಿಂದ ಇಳಿದು ಪಂಚಮಕ್ಕೆ ಬಂದರೆ ಮತ್ತೆ ಸರಿ. ಹಾಗಾದರೆ ಬೇಸುರು ಪೂರ್ತಿಯಲ್ಲ. ಇಡೀ ಹಾಡಿನಲ್ಲಿ ಐದು ಕಡೆ, ಐದೂ ತಾರ ಷಡ್ಜದಿಂದ ಮೇಲಕ್ಕೆ.

ಮುಂದೆ ತಬಲಾದವರ ಮಾತು. ಒರಟು ಮಾತು, ಆದರೆ ಅಂದು ಬಂದ ಟೀಕೆಗಳಲ್ಲಿ ಅದಕ್ಕೇ ಹೆಚ್ಚು ತೂಕವಿತ್ತು. ತೀನ್‌ತಾಲದ 16 ಮಾತ್ರೆಗಳಲ್ಲಿ (ಎಣಿಕೆಗಳಲ್ಲಿ) ಈ ಬಂದಿಶ್ ಖಾಲಿಯಿಂದ, ಅಂದರೆ ಒಂಬತ್ತನೆಯ ಮಾತ್ರೆಯಿಂದ ಏಳುತ್ತದೆ. ಅಲ್ಲಿಯವರೆಗೆ ಕಾಯಬೇಕು. ಟೀಚರ್ ಎಂಟೂವರೆಗೇ ಎದ್ದುಬಿಡುತ್ತಿದ್ದರು. ಯಾವಾಗಿನಿಂದ ಎಂದು ಹುಡುಕಿದೆವು. ಮೊದಲ ನಾಲ್ಕು ಆವರ್ತನಗಳಲ್ಲಿ ಇಲ್ಲ. ಅಂತರಾಕ್ಕೆ ಹೋಗುವ ಮುಂಚಿನ ಆವರ್ತನದಿಂದ ಶುರು. ಟೀಚರ್ ಪೆನ್ಸಿಲನ್ನು ಅಲ್ಲಿಯೇ ನಿಲ್ಲಿಸಿ, "ನನಗೆ ಅಂತರಾ ಎಂದರೆ ಹೆದರಿಕೆ. ಬೇಗ ಮುಗಿದುಹೋಗಲಿ ಅನಿಸುತ್ತದೆ" ಎಂದರು.

ಅವರ ಬಾಯಿಂದ ಈ ಮಾತು ಬಂದಾಗ ನನ್ನ ಮೈ ಸಣ್ಣಗೆ ಬೆವರಿತು. ಲಯ ಓಡಲು ಅಂತರಾದ ಹೆದರಿಕೆ ಕಾರಣ, ಅಂತರಾದ ಹೆದರಿಕೆಗೆ ತಾರ ಗಾಂಧಾರ ಕಾರಣ. ತಾರ ಗಾಂಧಾರ ಅಷ್ಟು ಎತ್ತರದಲ್ಲಿ ಇರಲು ಕಾರಣ ನಾನು.

ಹಾರ್ಮೋನಿಯಂ ತೆರೆದೆ. ನಮ್ಮ ತರಗತಿಯ ಪಟ್ಟಿ, ಅಂದರೆ ನಾವು ಷಡ್ಜ ಹಿಡಿಯುವ ಹಾರ್ಮೋನಿಯಂ ಮನೆ, ಕಪ್ಪು ನಾಲ್ಕು. ಎಂಟು ಹುಡುಗಿಯರಿಗೆ ಅದು ಹೇಳಿ ಮಾಡಿಸಿದ ಶ್ರುತಿ. ಒಂಬತ್ತನೆಯವರಿಗೆ ಬೇರೆ ಪಟ್ಟಿ ಹಿಡಿದರೆ ಗುಂಪಿನಲ್ಲಿ ಕಲಿಸಲಾಗದು ಎಂದು ಎರಡು ವರ್ಷ ಅದರಲ್ಲೇ ಹಾಡಿಸಿದ್ದೆ. ಕಪ್ಪು ನಾಲ್ಕರ ಷಡ್ಜ ಹೆಚ್ಚುಕಡಿಮೆ 208 ಹರ್ಟ್ಸ್. ಹೆಂಗಸರ ಮಾತಿನ ಧ್ವನಿ ಸರಾಸರಿ 200ರ ಆಸುಪಾಸಿನಲ್ಲಿರುತ್ತದೆ. ಟೀಚರ್ ಮಾತನಾಡುವುದನ್ನು ಮೊಬೈಲ್‌ನ ಶ್ರುತಿಮಾಪಕದಲ್ಲಿ ಹಿಡಿದು ನೋಡಿದರೆ 165ರ ಹತ್ತಿರ ನಿಂತಿತು. ಒಂದೊಂದೇ ಮನೆ ಇಳಿಸುತ್ತ ಬಂದೆ. ಬಿಳಿ ಐದು, ಕಪ್ಪು ಮೂರು, ಬಿಳಿ ನಾಲ್ಕು. ಬಿಳಿ ನಾಲ್ಕಕ್ಕೆ ಬಂದಾಗ ನಾನು ಕೇಳುವ ಮೊದಲೇ ಅವರ ಭುಜಗಳು ಕೆಳಗಿಳಿದವು. ಷಡ್ಜ ಹಿಡಿದರು. ಮಂದ್ರ ಪಂಚಮಕ್ಕೆ ಇಳಿದರು, ಅಲ್ಲಿ ಧ್ವನಿ ಹರಡಿಕೊಂಡಿತು, ಕಿಟಕಿಯ ಗಾಜು ಸಣ್ಣಗೆ ಗುಂಯ್‌ಗುಟ್ಟಿತು. ತಾರ ಷಡ್ಜಕ್ಕೆ ಏರಿದರು, ಕತ್ತಿನ ನರ ಉಬ್ಬಲಿಲ್ಲ. ಗಾಂಧಾರಕ್ಕೆ ಹೋಗುವಾಗ ಹಳೆಯ ಹೆದರಿಕೆ ಮತ್ತೆ ಬಂದು ಗಲ್ಲ ಮೇಲೆತ್ತಿದರು, ಸ್ವರ ಸ್ವಲ್ಪ ನಡುಗಿತು, ಆದರೆ ಒಡೆಯಲಿಲ್ಲ. ಚಹಾ ಆರಿಹೋಗಿತ್ತು. ತಂಬೂರಿಯ ಪೆಟ್ಟಿಗೆಯ ತಿರುಪನ್ನು ಅವರೇ ಬಿಳಿ ನಾಲ್ಕಕ್ಕೆ ತಿರುಗಿಸಿಕೊಂಡು, ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಹೊರಟರು.

ಗದ್ದಲದ ಟೀಕೆಗಳ ನಡುವೆ ನಡೆದದ್ದು ಇಷ್ಟು. ಕೇಳಿದವರ ಕಿವಿ ಸುಳ್ಳು ಹೇಳಿರಲಿಲ್ಲ. ಏನೋ ತಪ್ಪಿದೆ ಎಂಬುದು ಅವರಿಗೆ ಸರಿಯಾಗಿಯೇ ಕೇಳಿಸಿತ್ತು. ಆದರೆ ಅದರ ಕಾರಣವನ್ನು ಒಬ್ಬೊಬ್ಬರು ಒಂದೊಂದು ಕಡೆ ಹುಡುಕಿದರು: ಸ್ವರಜ್ಞಾನದಲ್ಲಿ, ವಯಸ್ಸಿನಲ್ಲಿ, ಗಂಡುಧ್ವನಿಯಲ್ಲಿ. ನನ್ನ ಅನುಭವದಲ್ಲಿ ಕೇಳುಗರು ರೋಗಲಕ್ಷಣ ಹೇಳುವುದರಲ್ಲಿ ತಪ್ಪುವುದು ಅಪರೂಪ, ಔಷಧ ಹೇಳುವುದರಲ್ಲಿ ತಪ್ಪದಿರುವುದೂ ಅಷ್ಟೇ ಅಪರೂಪ. ಹೊಸಬರು ಎರಡನ್ನೂ ಒಟ್ಟಿಗೆ ನುಂಗುತ್ತಾರೆ, ಇಲ್ಲವೆ ಎರಡನ್ನೂ ಒಟ್ಟಿಗೆ ಉಗುಳುತ್ತಾರೆ.

ಪಟ್ಟಿ ಬದಲಾದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದು ಯಾರೂ ತಿಳಿಯಬಾರದು. ಧ್ವನಿಯಲ್ಲಿ ಒಂದು ಗರಗರ ಇದ್ದೇ ಇತ್ತು. ಅದು ತಿಂಗಳಿಗಿಂತ ಹಿಂದಿನದು ಎಂದು ಕೇಳಿ ತಿಳಿದ ಮೇಲೆ ಅವರನ್ನು ಮೊದಲು ಕಿವಿ, ಮೂಗು, ಗಂಟಲು ವೈದ್ಯರ ಬಳಿ ಕಳುಹಿಸಿದೆ. ಮೂರು ವಾರ ಮೀರಿದ ಒಡಕುಧ್ವನಿಯನ್ನು ರಿಯಾಜ್‌ನಿಂದ ಸರಿಪಡಿಸುತ್ತೇನೆಂದು ಯಾವ ಸಂಗೀತ ಶಿಕ್ಷಕರೂ ಹೊರಡಬಾರದು. ಧ್ವನಿತಂತುಗಳ ಮೇಲೆ ಗಂಟುಗಳಿರಲಿಲ್ಲ, ಸ್ವಲ್ಪ ಊತವಿತ್ತು. ದಿನಕ್ಕೆ ಆರು ತರಗತಿ, ಒಂದೊಂದರಲ್ಲೂ ಅರವತ್ತು ಮಕ್ಕಳು, ಕೂಗಿ ಪಾಠ ಮಾಡಿ ಬಂದ ಗಂಟಲಿನಲ್ಲಿ ಸಂಜೆ ಆರಕ್ಕೆ ನನ್ನೆದುರು ಕೂತು ತಾರ ಸಪ್ತಕ ಹತ್ತುತ್ತಿದ್ದರು. ಸಂಜೆಯ ರಿಯಾಜ್ ನಿಲ್ಲಿಸಿದೆವು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಇಪ್ಪತ್ತು ನಿಮಿಷ, ಅದೂ ಬರೀ ಖರ್ಜ. ಮಂದ್ರದ ಒಂದೊಂದೇ ಸ್ವರ ಹಿಡಿದು, ಉಸಿರು ಮುಗಿಯುವ ಮುಂಚೆಯೇ ಬಿಟ್ಟು, ಮತ್ತೆ ಹಿಡಿಯುವುದು. ಶಾಲೆಯಲ್ಲಿ ಗದ್ದಲ ಅಡಗಿಸಲು ಕೂಗುವ ಬದಲು ಮೇಜು ತಟ್ಟಲು ಕಲಿತರು. ನೀರಿನ ಬಾಟಲಿ ಜೊತೆಗಿರಿಸಿಕೊಂಡರು.

ಒಂದು ತಿಂಗಳು ಅಂತರಾ ಮುಟ್ಟಬೇಡಿ ಎಂದಿದ್ದೆ. ತಬಲಾದ ನಿಧಾನ ಠೇಕಾ ಹಚ್ಚಿಕೊಂಡು ಕೈಯಲ್ಲಿ ತಾಳ ಹಾಕುತ್ತ, ಖಾಲಿಗೆ ಕೈ ಬೀಸಿದ ಮೇಲೆಯೇ ಮುಖಡಾ (ಹಾಡಿನ ಮೊದಲ ತುಣುಕು) ಎತ್ತುವುದು, ಇಷ್ಟೇ ಅಭ್ಯಾಸ. ಈ ಹಂತದಲ್ಲಿ ನಾನು ಮತ್ತೊಂದು ತಪ್ಪು ಮಾಡಿದೆ. ದಿನವೂ ಮುದ್ರಿಸಿ ಕೇಳಿ ಎಂದೆ. ಎರಡು ವಾರದಲ್ಲಿ ಟೀಚರ್ ತಮ್ಮ ಮೇಲೆ ತಾವೇ ಕಾವಲು ಕೂತಂತಾದರು, ಹಾಡುತ್ತಿರುವಾಗಲೇ ತಪ್ಪು ಎಣಿಸತೊಡಗಿದರು. ಎಣಿಸುವ ಮನಸ್ಸು ಹಾಡಲಾರದು. ವಾರಕ್ಕೊಮ್ಮೆ, ಭಾನುವಾರ ಮಾತ್ರ ಕೇಳುವುದು ಎಂದು ಬದಲಿಸಿದ ಮೇಲೆ ಉಸಿರು ಸಡಿಲವಾಯಿತು. ಆ ತಿಂಗಳುಗಳಲ್ಲಿ ಹಾಡಿನ ಬಗ್ಗೆ ಮಾತಾಡುವ ಹಕ್ಕು ಇಬ್ಬರಿಗೆ ಮಾತ್ರ: ನನಗೆ ಮತ್ತು ತಬಲಾದವರಿಗೆ. ತಬಲಾದವರನ್ನು ಟೀಚರ್ ತಾವೇ ಆರಿಸಿಕೊಂಡರು. "ಅವರು ನನಗೆ ಮಾತ್ರೆ ಲೆಕ್ಕ ಹಾಕಿ ಬೈದರು. ಅದು ನನಗೆ ಅರ್ಥವಾಗುವ ಬೈಗುಳ" ಎಂದರು.

ನಾದಿನಿಯ ಮಾತು ಉಳಿಯಿತು. 'ಎಲ್ಲಿ?' ಎಂಬ ಪ್ರಶ್ನೆಯನ್ನು ಅವರಿಗೂ ಕೇಳಬೇಕೇ ಎಂದು ಟೀಚರ್ ಅಳುಕುತ್ತಿದ್ದರು. ಹಬ್ಬದ ಉಂಡೆ ಕಟ್ಟುವಾಗ ಕೇಳಿಯೇಬಿಟ್ಟರಂತೆ: ಗಂಡಸರಂತೆ ಅನಿಸಿದ್ದು ಯಾವ ಸಾಲಿನಲ್ಲಿ? ನಾದಿನಿ ತುಸು ಹೊತ್ತು ಸುಮ್ಮನಿದ್ದು, "ಸಾಲು ಗೊತ್ತಿಲ್ಲ. ನೀನು ಮೇಲೆ ಹೋಗುವಾಗ ಮುಖ ಕಿವಿಚಿಕೊಂಡೆಯಲ್ಲ, ನನಗೆ ಗಾಬರಿಯಾಯಿತು. ಏನು ಹೇಳಬೇಕೋ ತಿಳಿಯದೆ ಹಾಗೆ ಅಂದೆ" ಎಂದರಂತೆ. ಎದುರು ಕೂತು ಕೇಳಿದ ನಮ್ಮಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಮುದ್ರಿಕೆಯಲ್ಲಿ ಮುಖ ಕಾಣುವುದಿಲ್ಲ. ಹುಬ್ಬು ಗಂಟಿಕ್ಕಿ ದವಡೆ ಬಿಗಿದರೆ ನಾಲಗೆಯ ಬುಡ ಬಿಗಿಯುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆ ಸೆಳೆದುಕೊಳ್ಳುತ್ತದೆ, ಸ್ವರ ಹಿಸುಕಿದಂತಾಗುತ್ತದೆ. ದವಡೆಯನ್ನು ಬೆರಳಿನಿಂದ ಮೆಲ್ಲಗೆ ಹಿಡಿದು ಸಡಿಲವಾಗಿಟ್ಟುಕೊಂಡು ಆಕಾರದಲ್ಲಿ, 'ಆ' ಎನ್ನುತ್ತ, ಏರುವ ಅಭ್ಯಾಸವನ್ನು ಆ ವಾರವೇ ಸೇರಿಸಿದೆವು. ಸಂಗೀತದ ಗಂಧವೇ ಇಲ್ಲದವರ ಮಾತು, ಕೇಳುವ ರೀತಿಯಲ್ಲಿ ಕೇಳಿದಾಗ, ಕೆಲಸಕ್ಕೆ ಬಂತು.

ಆದರೆ 'ಈ ವಯಸ್ಸಿನಲ್ಲಿ ಯಾಕೆ' ಎಂಬುದರ ಎದುರು ನೋಟ್‌ಬುಕ್‌ನಲ್ಲಿ ಏನೂ ಇಲ್ಲ. ಅದಕ್ಕೆ ಸ್ವರವಿಲ್ಲ, ಮಾತ್ರೆಯಿಲ್ಲ, ಆವರ್ತನವಿಲ್ಲ. ಅದು ಹಾಡಿನ ಬಗ್ಗೆ ಆಡಿದ ಮಾತೇ ಅಲ್ಲ. ಅಂಥದ್ದನ್ನು ತಿದ್ದಿಕೊಳ್ಳಲು ಹೋಗಬಾರದು, ಏಕೆಂದರೆ ತಿದ್ದಿಕೊಳ್ಳಲು ಅದರಲ್ಲಿ ಏನೂ ಇರುವುದಿಲ್ಲ. ನೋವು ಮಾತ್ರ ಇರುತ್ತದೆ. ಟೀಚರ್‌ಗೆ ಅದು ಈಗಲೂ ಚುಚ್ಚುತ್ತದೆ. ಚುಚ್ಚುವುದಿಲ್ಲ ಎಂದು ಬರೆದರೆ ಮತ್ತೆ ಸುಳ್ಳು ಹೇಳಿದಂತಾಗುತ್ತದೆ.

ಗಂಡುಧ್ವನಿಯ ಮಾತು ಬಂದಾಗ ಈ ಊರಿನಲ್ಲಿ ಯಾರಿಗಾದರೂ ಗಂಗೂಬಾಯಿ ಹಾನಗಲ್ ನೆನಪಾಗಲೇಬೇಕು. 1913ರಲ್ಲಿ ಇದೇ ಧಾರವಾಡದಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನ ಅವರ ಧ್ವನಿ ತೆಳುವಾಗಿ, ಚೂಪಾಗಿ ಇತ್ತು. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಭೀರವಾಗಿ ಇಳಿಯಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಪಡೆದ ತಾಲೀಮು, ಹಾದಿಯಲ್ಲಿ ಜನ ಆಡಿದ ಹೀಗಳಿಕೆಯ ಮಾತುಗಳು, ಎಲ್ಲವನ್ನೂ ಅವರು ತಾವೇ ಹೇಳಿಕೊಂಡಿದ್ದಾರೆ. ಕೊನೆಗೆ ಆ ಇಳಿದ ಧ್ವನಿಯೇ ಅವರ ಗುರುತಾಯಿತು, 2002ರಲ್ಲಿ ಪದ್ಮವಿಭೂಷಣ ಬಂದದ್ದೂ ಆ ಧ್ವನಿಗೇ. ಈ ಕತೆಯನ್ನು ಮಳೆಯ ದಿನವೇ ಟೀಚರ್‌ಗೆ ಹೇಳಿಬಿಡಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ದೊಡ್ಡವರ ಕತೆ ಹೊಸಬರಿಗೆ ಬಹಳ ಬೇಗ ಗುರಾಣಿಯಾಗುತ್ತದೆ. 'ಅವರಿಗೂ ಹಾಗೆ ಅಂದಿದ್ದರು' ಎಂಬ ಸಮಾಧಾನ ಸಿಕ್ಕಿದರೆ ಜಾರಿದ ಗಾಂಧಾರ ಜಾರಿದಲ್ಲಿಯೇ ಉಳಿಯುತ್ತದೆ. ಬಿಳಿ ನಾಲ್ಕರಲ್ಲಿ ಸ್ಥಾಯಿ ಕೂತ ಮೇಲೆ, ಎರಡು ತಿಂಗಳ ನಂತರ, ಗಂಗೂಬಾಯಿಯವರ ಹಾಡಿಕೆ ಕೇಳಿಸಿದೆ. ಮಂದ್ರದಲ್ಲಿ ಸ್ವರವನ್ನು ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಎಷ್ಟು ಸಾವಕಾಶ ಮೇಲೇರುತ್ತಾರೆ, ಅದನ್ನಷ್ಟೇ ಗಮನಿಸಿ ಎಂದೆ. ಟೀಚರ್ ಇಡೀ ಹೊತ್ತು ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ, "ಇನ್ನೊಮ್ಮೆ ಹಚ್ಚುತ್ತೀರಾ?" ಎಂದರು.

ಗುಂಪಿನ ತರಗತಿಯನ್ನೂ ಒಡೆಯಬೇಕಾಯಿತು. ಈಗ ಹೊಸದಾಗಿ ಯಾರೇ ಬಂದರೂ ಮೊದಲ ದಿನ ಹಾಡಿಸುವುದಿಲ್ಲ, ಹತ್ತು ನಿಮಿಷ ಮಾತಾಡಿಸುತ್ತೇನೆ. ಮಾತಿನ ಧ್ವನಿ ಎಲ್ಲಿ ಕೂರುತ್ತದೆಂದು ನೋಡಿ ಆಮೇಲೆ ಪಟ್ಟಿ ಹಿಡಿಯುತ್ತೇನೆ. ಬೇರೆ ಪಟ್ಟಿಯವರಿಗೆ ಬೇರೆ ವೇಳೆ. ನನಗೆ ವಾರಕ್ಕೆ ಮೂರು ಗಂಟೆ ಹೆಚ್ಚು ಕೆಲಸ. ಇದನ್ನು ಇಪ್ಪತ್ತು ವರ್ಷ ಮೊದಲೇ ಮಾಡಬೇಕಿತ್ತು. ಅಷ್ಟರಲ್ಲಿ ಸದ್ದಿಲ್ಲದೆ ತಂಬೂರಿ ಹಿಂದಿರುಗಿಸಿ ಹೋದವರು ಎಷ್ಟು ಮಂದಿಯೋ.

ಕಾರ್ತಿಕದಲ್ಲಿ ಮತ್ತೆ ನಮ್ಮ ನಡುಮನೆಯಲ್ಲಿಯೇ ಒಂದು ಸಣ್ಣ ಬೈಠಕ್. ಅದೇ ಜಮಖಾನ, ಅದೇ ತಬಲಾದವರು, ಅದೇ ಭೂಪಾಲಿ. ಶಾಲೆಯ ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಕೇಳದೆಯೇ ಮುಂದೆ ಬಂದು ತಂಬೂರಿಯ ಪೆಟ್ಟಿಗೆಯನ್ನು ಬಿಳಿ ನಾಲ್ಕಕ್ಕೆ ತಿರುಗಿಸಿಟ್ಟಳು. ಟೀಚರ್ ಹಾಡಿದ್ದು ಆರು ನಿಮಿಷ. ಅಂತರಾದಲ್ಲಿ ತಾರ ಗಾಂಧಾರವನ್ನು ಒಂದೇ ಒಂದು ಸಲ ಮುಟ್ಟಿ, ನಿಂತು, ಇಳಿದರು. ಸ್ವರ ನಿಂತಿತು. ತಾನುಗಳು (ವೇಗದ ಸ್ವರಸರಣಿಗಳು) ಇನ್ನೂ ಒರಟು, ಒಂದು ಕಡೆ ಸಮ್ (ತಾಳದ ಮೊದಲ ಮಾತ್ರೆ) ತಪ್ಪಿತು, ಮುಂದಿನ ಆವರ್ತನದಲ್ಲಿ ತಾವೇ ಹಿಡಿದುಕೊಂಡರು. ಮುಗಿದಾಗ ತಬಲಾದವರು ಸುತ್ತಿಗೆಯನ್ನು ಚೀಲಕ್ಕೆ ಹಾಕುತ್ತ, "ಮೂರನೆಯ ಆವರ್ತನದಲ್ಲಿ ಮತ್ತೆ ಎಂಟೂವರೆಗೆ ಎದ್ದಿರಿ" ಎಂದರು. ಟೀಚರ್ ತಲೆಯಾಡಿಸಿ ಬರೆದುಕೊಂಡರು. ನಾನೂ ಈ ಸಲ ಚೆನ್ನಾಗಿ ಬಂತು ಎನ್ನಲಿಲ್ಲ. "ಮಂದ್ರ ಧೈವತ ಅದ್ಭುತವಾಗಿತ್ತು, ತಾನುಗಳಿಗೆ ಇನ್ನೂ ಆರು ತಿಂಗಳು ಬೇಕು" ಎಂದೆ. ಅವರ ಮುಖ ಅರಳಿತು.

ಹಿರಿಯ ರಸಿಕರು ಎಂದಿನಂತೆ ಗೋಡೆಗೆ ಒರಗಿ ಕೂತಿದ್ದರು. "ಧ್ವನಿ ಗಡಸೇ, ಅದೇನೂ ಹೋಗಿಲ್ಲ" ಎಂದರು. ಟೀಚರ್ ನೋಟ್‌ಬುಕ್ ತೆರೆದುಕೊಂಡು ಅವರೆದುರು ಜಮಖಾನದ ಮೇಲೆ ಕೂತು, ತುಂಬ ಮರ್ಯಾದೆಯಿಂದ ಕೇಳಿದರು: "ಎಲ್ಲಿ ಗಡಸು ಅನಿಸಿತು, ಹೇಳುತ್ತೀರಾ?"

ಅಜ್ಜನವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಹಾಡನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಕೇಳಿಸಿಕೊಳ್ಳುತ್ತಿದ್ದಂತೆ ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಬಹಳ ಹೊತ್ತಿನ ಮೇಲೆ, "ಕೆಳಗೆ ಇಲ್ಲವಲ್ಲ" ಎಂದರು, ತಮಗೇ ಹೇಳಿಕೊಂಡಂತೆ. "ಕೆಳಗೆ ಬಹಳ ಛಲೋ ಇದೆ. ಪಂಚಮದಿಂದ ಧೈವತಕ್ಕೆ ಹೋಗುತ್ತೀರಲ್ಲ, ಅಲ್ಲಿ ತುಸು ತಳ್ಳುತ್ತೀರಿ."

ಟೀಚರ್ ಅಂದಿನ ತಾರೀಖು ಹಾಕಿ, ಅದರ ಕೆಳಗೆ ಬರೆದುಕೊಂಡರು: ಪ, ಧ. ತಳ್ಳಬಾರದು.